ಹೊಟ್ಟೆಯ ಬುತ್ತಿ

ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಅವಳಿಗೆ ಮೊದಲು ಕಂಡದ್ದು ತನ್ನದೇ ಹೆಬ್ಬೆರಳು. ಗಾಜು ಮತ್ತು ನೀರಿನ ಆಚೆ ಅದು ದಪ್ಪಗೆ, ಯಾರೋ ಬೇರೆಯವರದು ಅನ್ನುವ ಹಾಗಿತ್ತು. ಆಮೇಲೆ ಮರಿಗಳು ಕಂಡವು. ಮರಿ ಅಂದರೆ ಮಹಾ ಏನಿಲ್ಲ, ಎರಡು ಕಪ್ಪು ಚುಕ್ಕೆ, ಅದರ ಹಿಂದೆ ಒಂದು ದಾರದೆಳೆ, ಎಳೆಯ ಕೆಳಗೆ ಒಂದು ಚೂರು ಹಳದಿ. ಚುಕ್ಕೆ ಕಣ್ಣು, ಎಳೆ ಮೈ, ಹಳದಿ ಅದರ ಊಟ. ಮೊನ್ನೆ ಬೆಳಗ್ಗೆ ಮೊಟ್ಟೆಯೊಡೆದು ಹೊರಬಂದಾಗ ಈ ಹಳದಿ ಚೀಲ ಎಷ್ಟು ದೊಡ್ಡದಿತ್ತೆಂದರೆ, ಮರಿ ಚೀಲವನ್ನು ಹೊತ್ತಿದೆಯೋ ಚೀಲವೇ ಮರಿಯನ್ನು ಹೊತ್ತಿದೆಯೋ ಹೇಳುವುದು ಕಷ್ಟವಾಗಿತ್ತು. ಬಾಯಿ ಇನ್ನೂ ತೆರೆಯದ ಜೀವಕ್ಕೆ ತಾಯಿ ಮೀನು ಮೊದಲೇ ಬುತ್ತಿ ಕಟ್ಟಿ, ಅದನ್ನು ಹೊಟ್ಟೆಗೇ ಹೊಲಿದು ಕಳಿಸಿಬಿಟ್ಟಿದೆ. ಕಣ್ಣಿಗೆ ಕಪ್ಪು ಬಂದದ್ದು ಆ ಬುತ್ತಿಯಿಂದ, ಬಾಲ ಉದ್ದವಾದದ್ದು ಆ ಬುತ್ತಿಯಿಂದ, ಲೋಟದ ಗಾಜಿನಾಚೆ ಟಕಟಕ ಬಡಿದುಕೊಳ್ಳುವ ಸಾಸಿವೆಗಿಂತ ಸಣ್ಣ ಎದೆಯೂ ಅದರಿಂದಲೇ. ಮೀನುಮರಿ ಕೇಂದ್ರದ ಈ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ನೋಡುತ್ತಿದ್ದರೂ ಅವಳಿಗೆ ಬೇಸರ ಬಂದಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಾತ್ರ ಒಂದು ತಿಂಗಳಿಂದ ಅನ್ನಿಸುತ್ತಿದೆ.

ಇವತ್ತು ಮೂರನೆಯ ದಿನ. ನಾಲ್ಕನೆಯ ತೊಟ್ಟಿಯ ಎರಡು ಲಕ್ಷ ಮರಿಗಳ ಬುತ್ತಿ ಮುಗಿಯುತ್ತ ಬಂದಿದೆ. ಮುಗಿದ ಕೂಡಲೇ ಮೊದಲ ಊಟ ಕೊಡಬೇಕು. ಅದನ್ನು ಕೊಡುವುದೇ ಅವಳ ಕೆಲಸ. ಕೋಳಿಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿ, ಹಳದಿಯನ್ನು ಬಿಡಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಅದ್ದಿ ಹಿಂಡಿದರೆ ಹಾಲಿನ ಹಾಗೆ ಒಂದು ಹಳದಿ ನೀರು ಬರುತ್ತದೆ. ಅದನ್ನು ತೊಟ್ಟಿಯ ಸುತ್ತ ಚಿಮುಕಿಸಿದರಾಯಿತು. ಕೆಲಸವೇನೋ ಇಷ್ಟೇ, ಯಾರು ಬೇಕಾದರೂ ಮಾಡಬಹುದು. ಯಾವಾಗ ಅನ್ನುವುದು ಮಾತ್ರ ಯಾರಿಗೆ ಬೇಕಾದರೂ ಬರುವುದಿಲ್ಲ. ಬೇಗ ಕೊಟ್ಟರೆ ತಿನ್ನುವವರಿಲ್ಲದೆ ಹಳದಿ ತಳಕ್ಕಿಳಿದು ಕೊಳೆತು ನೀರನ್ನೇ ವಿಷ ಮಾಡುತ್ತದೆ. ತಡವಾದರೆ ಇನ್ನೊಂದು ವಿಚಿತ್ರ. ಹಸಿದ ಮರಿ ಕೂಡಲೇ ಸಾಯುವುದಿಲ್ಲ, ಬದುಕಿಯೇ ಇರುತ್ತದೆ, ಆದರೆ ತಿನ್ನುವ ತ್ರಾಣ ಹೋಗಿಬಿಟ್ಟಿರುತ್ತದೆ. ಬಾಯೆದುರಿಗೇ ಊಟ ತೇಲಿ ಹೋದರೂ ಸುಮ್ಮನೆ ನೋಡುತ್ತಿರುತ್ತದೆ. ಬದುಕಿದ್ದೂ ವಾಪಸು ಬರಲಾಗದ ಆ ಗೆರೆ ಎಲ್ಲಿದೆ, ಅದನ್ನು ದಾಟುವಾಗ ಮರಿಗೆ ಏನಾದರೂ ಗೊತ್ತಾಗುತ್ತದೆಯೋ ಎಂದು ಅವಳು ಎಷ್ಟೋ ಸಲ ಲೋಟ ಹಿಡಿದು ನಿಂತಿದ್ದಾಳೆ. ಲೋಟದಲ್ಲಿರುವ ಹತ್ತರಲ್ಲಿ ಆರು ಮರಿ ಇನ್ನೂ ಮೇಲಕ್ಕೆ ಜಿಗಿದು ಜಿಗಿದು ಕೆಳಗೆ ಬೀಳುತ್ತಿದ್ದವು. ನಾಲ್ಕು ಮಾತ್ರ, ಊಟಕ್ಕೆ ಸಿದ್ಧವಾದ ಮರಿಗಳ ಹಾಗೆ, ಮೈಯನ್ನು ಅಡ್ಡ ಮಾಡಿಕೊಂಡು ಈಜುತ್ತಿದ್ದವು. ಇನ್ನೂ ಹೊತ್ತಿದೆ ಎಂದುಕೊಂಡಳು.

ಚಪ್ಪಲಿಯ ಪಟಪಟ ಸದ್ದಿನ ಜೊತೆಗೆ ಮ್ಯಾನೇಜರು ಬಂದರು. ಈ ಮನುಷ್ಯ ತೊಟ್ಟಿಯ ಅಂಚಿನ ತನಕ ಬರುತ್ತಾರೆ, ಒಳಗೆ ಬಗ್ಗುವುದಿಲ್ಲ. ಬಗ್ಗಿದರೆ ಜೇಬಿನ ಪೆನ್ನು ಬೀಳುತ್ತದೆಂಬ ಭಯವಿರಬೇಕು. "ಏನಾಯ್ತು? ಇವತ್ತು ಕೊಡ್ತೀರಾ?" ಎಂದರು. "ನೋಡ್ಬೇಕು ಸಾರ್, ಇನ್ನೂ ಆಗಿಲ್ಲ," ಎಂದಳು. "ನೋಡಿ ನೋಡಿ. ನಿಮ್ಮ ಕೆಲಸದಲ್ಲಿ ನಾನು ತಲೆ ಹಾಕಲ್ಲ. ಈ ತೊಟ್ಟಿ ಒಂದು ಚೆನ್ನಾಗಿ ಬರ್ಲಿ, ಹೊಸ ಮೋಟಾರು ಹಾಕಿದ್ದೂ ಸಾರ್ಥಕ. ಹೋದ ಸಲ ಮರಿ ಸತ್ತಿದ್ದು ಗಾಳಿ ಪಂಪಿನವರ ತಪ್ಪಿಂದಲೇ ಅಂತ ಎಲ್ಲರಿಗೂ ಗೊತ್ತಾಗತ್ತೆ. ಅವರನ್ನ ಕೆಲಸದಿಂದ ತೆಗೆಯೋ ಕಾಗದ ಟೈಪ್ ಮಾಡಿಸಿ ಇಟ್ಟಾಗಿದೆ. ಇವತ್ತು ಮರಿ ಊಟ ಹಿಡಿದ್ರೆ ಸಂಜೆ ಕೊಟ್ಟು ಕಳಿಸಿಬಿಡ್ತೀನಿ," ಎಂದು ಹೇಳಿ, ಹೇಳಿದ್ದು ತಮಗೇ ಸ್ವಲ್ಪ ಕಷ್ಟವಾದವರಂತೆ ಪೆನ್ನನ್ನು ಮುಟ್ಟಿ ನೋಡಿಕೊಂಡು ಹೋದರು. ಈ ಮರಿಗಳು ಬದುಕಿದರೆ ಗಾಳಿಯಣ್ಣ ಕೆಲಸ ಕಳೆದುಕೊಳ್ಳುತ್ತಾನೆ. ಅವಳು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವನ ತಪ್ಪು ಸಾಬೀತಾಗುತ್ತದೆ, ಅವನು ಮಾಡದೇ ಇದ್ದ ತಪ್ಪು.

ಗಾಳಿಯಣ್ಣ ಅಂತ ಅವನಿಗೆ ಹೆಸರು ಬಂದದ್ದು ತೊಟ್ಟಿಗಳಿಗೆ ಗಾಳಿ ಹಾಯಿಸುವ ಪಂಪು ಅವನ ಕೈಯಲ್ಲಿದ್ದುದರಿಂದ. ಅವಳನ್ನು ಹಳದಿಯಮ್ಮ ಎನ್ನುತ್ತಿದ್ದರು. ಹೊರಗೆ ದೊಡ್ಡ ಮೀನಿನ ಕೊಳ ನೋಡಿಕೊಳ್ಳುವವರು ಇಬ್ಬರನ್ನೂ ಸೇರಿಸಿ ಗೇಲಿ ಮಾಡುತ್ತಿದ್ದುದುಂಟು, ಒಬ್ಬರು ಗಾಳಿ ಕೊಟ್ಟು ಸಾಕುತ್ತಾರೆ, ಒಬ್ಬರು ಬಣ್ಣ ಕೊಟ್ಟು ಸಾಕುತ್ತಾರೆ, ಸಂಬಳ ತಗೊಳ್ಳೋಕೆ ಮಾತ್ರ ಇಬ್ಬರಿಗೂ ಕೈಯಿದೆ ಅಂತ. ಪಂಪಿನ ಸದ್ದು ಒಂದು ಎಳೆ ಬದಲಾದರೆ ಗೇಟಿನಾಚೆಯ ಟೀ ಅಂಗಡಿಯಲ್ಲಿ ಕೂತಿದ್ದವನು ಲೋಟ ಇಟ್ಟು ಓಡಿ ಬರುತ್ತಿದ್ದ. ಅಂಥವನು ಈಗ ಒಂದು ತಿಂಗಳಿಂದ ಹಿತ್ತಲಲ್ಲಿ ಹರಿದ ಬಲೆ ಬಿಡಿಸುತ್ತ ಕೂತಿದ್ದಾನೆ. ಹೊಸ ಮೋಟಾರು ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ, ಅದಕ್ಕೆ ಕಿವಿ ಕೊಡುವವರು ಯಾರೂ ಬೇಕಿಲ್ಲ.

ತಿಂಗಳ ಹಿಂದೆ, ಅವತ್ತು ಮರಿಗಳಿಗೆ ಎರಡನೆಯ ದಿನ. ಎರಡನೆಯ ದಿನ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಮರೆತೆ ಎಂದು ತನಗೆ ತಾನೇ ಹೇಳಿಕೊಳ್ಳಲೂ ದಾರಿಯಿಲ್ಲ. ಮಧ್ಯಾಹ್ನ ಆರನೆಯ ತೊಟ್ಟಿಯ ದೊಡ್ಡ ಮರಿಗಳಿಗೆ ಹಿಂಡಿ ಮಿಕ್ಕಿದ ಹಳದಿ ಬಟ್ಟೆಯಲ್ಲಿತ್ತು. ಲೋಟದಲ್ಲಿ ನಾಲ್ಕನೆಯ ತೊಟ್ಟಿಯ ಮರಿಗಳಿದ್ದವು, ಹೊಟ್ಟೆಯ ಚೀಲ ಇನ್ನೂ ಅರ್ಧ ಇತ್ತು. ಒಂದರ ಬಾಯಿ ತೆರೆದು ಮುಚ್ಚಿದ ಹಾಗೆ ಕಂಡಿತು. ಅಷ್ಟೇ, ಅಲ್ಲಿಂದ ಶುರು. ತಾಯಿಯ ಬುತ್ತಿ ಇನ್ನೂ ಇರುವಾಗಲೇ ಹೊರಗಿನ ಊಟ ಕೊಟ್ಟರೆ ತಿಂದೀತೇ? ಬಟ್ಟೆಯ ತುದಿಯನ್ನು ಲೋಟಕ್ಕೆ ಒಂದು ಸಲ ಅದ್ದಿದಳು. ಒಂಬತ್ತು ಮರಿ ಸುಮ್ಮನಿದ್ದವು. ಹತ್ತನೆಯದು ತಿಂದಿತು. ಗಾಜಿನಂಥ ಮೈಯೊಳಗೆ, ಕತ್ತಿನಿಂದ ಕೆಳಕ್ಕೆ, ಕೂದಲೆಳೆಯಷ್ಟು ತೆಳ್ಳಗೆ ಒಂದು ಹಳದಿ ಗೆರೆ ಇಳಿಯಿತು. ಹೊಟ್ಟೆಯ ಚೀಲದಲ್ಲಿ ಮೀನಿನ ಹಳದಿ, ಕರುಳಿನಲ್ಲಿ ಕೋಳಿಯ ಹಳದಿ, ಒಂದೇ ಮರಿಯಲ್ಲಿ ಎರಡು ತಾಯಂದಿರ ಅಡುಗೆ ಅಕ್ಕಪಕ್ಕ! ಹನ್ನೊಂದು ವರ್ಷದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ. ಯಾರಿಗಾದರೂ ಕೂಗಿ ಹೇಳಬೇಕೆನ್ನಿಸಿತು. ಲೋಟವನ್ನು ಕಿಟಕಿಯ ಮೇಲಿಟ್ಟು, ಉಳಿದವೂ ತಿನ್ನುತ್ತವೋ ನೋಡೋಣ ಎಂದು ಬಟ್ಟೆಯಲ್ಲಿದ್ದುದನ್ನು ತೊಟ್ಟಿಗೆ ಹಿಂಡಿದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಅದೇ ಲೆಕ್ಕ, ಹತ್ತರಲ್ಲಿ ಒಂದು. ಸಾಲದಾಯಿತೇನೋ ಎಂದು ಇನ್ನೊಂದು ಹಳದಿ ಹಿಂಡಿದಳು. ಆಮೇಲೆ ಮತ್ತೊಂದು. ಮೂರನೆಯದನ್ನು ಹಿಂಡುವಾಗ ಕೈಗೆ ಗೊತ್ತಿತ್ತು, ಕಣ್ಣಿಗೆ ಮಾತ್ರ ತೃಪ್ತಿಯಿರಲಿಲ್ಲ.

ಮರುದಿನ ಬೆಳಗ್ಗೆ ಬಾಗಿಲು ತೆಗೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ. ತೊಟ್ಟಿಯ ತಳ ಅಕ್ಕಿ ಚೆಲ್ಲಿದಂತೆ ಬೆಳ್ಳಗಿತ್ತು. ಮ್ಯಾನೇಜರು ಗೋಡೆಯ ಹಲಗೆಯನ್ನು ನೋಡಿದರು. ಅದರ ಮೇಲೆ ಗಾಳಿಯಣ್ಣ ಸೀಮೆಸುಣ್ಣದಲ್ಲಿ ತನ್ನ ಕೈಯಾರೆ ಬರೆದಿದ್ದ, ಬೆಲ್ಟು ಹರಿಯಿತು, ಪಂಪು ಇಪ್ಪತ್ತು ನಿಮಿಷ ನಿಂತಿತ್ತು, ಬದಲಾಯಿಸಿದೆ ಅಂತ. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಇಪ್ಪತ್ತೇ ನಿಮಿಷನಾ? ನಿದ್ದೆ ಹೊಡೀತಿದ್ರಾ?" ಎಂದು ಮ್ಯಾನೇಜರು ಎಲ್ಲರೆದುರು ಕೇಳಿದರು. ಅವನು ಹರಿದ ಬೆಲ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಅವಳೂ ಅನ್ನಲಿಲ್ಲ. ಇಪ್ಪತ್ತು ನಿಮಿಷ ಗಾಳಿ ನಿಂತರೆ ಮರಿ ಸಾಯುವುದಿಲ್ಲವೆಂದು ಅಲ್ಲಿದ್ದವರಲ್ಲಿ ಚೆನ್ನಾಗಿ ಗೊತ್ತಿದ್ದವಳು ಅವಳೊಬ್ಬಳೇ. ನಾಚಿಕೆಯ ವಿಷಯವೆಂದರೆ, ಅವನನ್ನು ಬೈಯುತ್ತಿದ್ದ ಆ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿದ್ದು ಪಶ್ಚಾತ್ತಾಪದಿಂದಲ್ಲ. ಸತ್ತ ಮರಿಗಳ ಕರುಳಲ್ಲಿ ಹಳದಿ ಗೆರೆ ಇನ್ನೂ ಇದೆಯೇ, ಎಷ್ಟರಲ್ಲಿ ಇದೆ ಎಂದು ನೋಡುತ್ತಿದ್ದಳು. ಥೂ, ನಾನೆಂಥ ಹೆಂಗಸು ಎಂದು ಮನೆಗೆ ಹೋಗುವ ದಾರಿಯಲ್ಲಿ ಅನ್ನಿಸಿತೇ ಹೊರತು ಅಲ್ಲಿ ಅನ್ನಿಸಲಿಲ್ಲ.

ಮನೆಯಲ್ಲಿ ಅತ್ತೆಗೆ ಮೊಟ್ಟೆಯ ಬಿಳಿ ಕಂಡರೆ ಮೈಯೆಲ್ಲ ಉರಿ. ಹಳದಿ ಮರಿಗಳಿಗೆ ಹೋದರೆ ಬಿಳಿಯನ್ನು ಕೆಲಸದವರು ಹಂಚಿಕೊಳ್ಳುತ್ತಿದ್ದರು, ಅವಳ ಪಾಲು ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. "ಹನ್ನೊಂದು ವರ್ಷ ಆಯ್ತು, ಈ ಮನೆಯಲ್ಲಿ ಒಂದು ಪೂರ್ತಿ ಮೊಟ್ಟೆ ನೋಡಿದೋರಿಲ್ಲ. ಮೀನಿಗೆ ಸಾರ, ನಮಗೆ ಸಿಪ್ಪೆ," ಎಂದು ಅತ್ತೆ ಗೊಣಗುತ್ತಲೇ ಉಪ್ಪು ಮೆಣಸು ಹಾಕಿ ತಿನ್ನುತ್ತಿದ್ದರು. ಮಗಳಿಗೆ ಪ್ರಶ್ನೆ ಕೇಳುವ ರೋಗ. ಯಾರಿಂದ ಅಂಟಿದ್ದೆಂದು ಯಾರೂ ಕೇಳಬೇಕಾಗಿಲ್ಲ. "ಅಮ್ಮಾ, ಕೋಳಿ ಆ ಹಳದಿ ಇಟ್ಟಿದ್ದು ಅದರ ಮರಿಗೆ ಅಲ್ವಾ? ಅದನ್ನ ಮೀನು ತಿಂದ್ರೆ ಕೋಳಿಗೆ ಗೊತ್ತಾಗಲ್ವಾ?" "ಗೊತ್ತಾದ್ರೆ ಏನು ಮಾಡತ್ತೆ, ಕಂಪ್ಲೇಂಟ್ ಕೊಡತ್ತಾ? ಅಂಗಡಿ ಮೊಟ್ಟೇಲಿ ಮರಿ ಆಗೋದೇ ಇಲ್ಲ ಕಣೇ," ಎಂದಿದ್ದಳು. "ಮರಿ ಆಗಲ್ಲ ಅಂತ ಗೊತ್ತಿದ್ರೂ ಯಾಕಮ್ಮ ಊಟ ಕಟ್ಟಿಡತ್ತೆ?" ಎಂದದ್ದಕ್ಕೆ ಅವಳು ಡಬ್ಬಿ ತೊಳೆಯಲು ಎದ್ದುಬಿಟ್ಟಿದ್ದಳು. ಮೊಟ್ಟೆಯೊಡೆಯುವ ಹಿಂದಿನ ದಿನ ಕೋಳಿಮರಿ ಮಿಕ್ಕ ಹಳದಿಯನ್ನು ಹೊಕ್ಕುಳಿನಿಂದ ಒಳಕ್ಕೆಳೆದುಕೊಳ್ಳುತ್ತದೆ, ಹುಟ್ಟಿ ಎರಡು ದಿನ ಕಾಳು ನೀರಿಲ್ಲದೆ ಇರಬಲ್ಲುದು, ಅದಕ್ಕೇ ಅವನ್ನು ಪೆಟ್ಟಿಗೆಯಲ್ಲಿ ಹಾಕಿ ದೂರ ದೂರಕ್ಕೆ ಕಳಿಸುತ್ತಾರೆ ಎಂದೆಲ್ಲ ಮಗಳೇ ಶಾಲೆಯಿಂದ ತಂದು ಹೇಳಿದಳು. "ನಮಗೂ ಇರತ್ತಂತೆ ಅಜ್ಜಿ, ಹೊಟ್ಟೆಯಲ್ಲಿರೋವಾಗ ಒಂದು ಚೀಲ. ಆದ್ರೆ ಒಳಗೆ ಹಳದಿ ಇರಲ್ವಂತೆ, ಖಾಲಿ." ಅತ್ತೆ ಬಿಳಿಯ ತುಂಡನ್ನು ಕೈಯಲ್ಲಿ ಹಿಡಿದೇ ನಕ್ಕರು. "ಅದಕ್ಕೇ ಮತ್ತೆ ಹುಟ್ಟಿದ ಕೂಡಲೇ ಬಾಯಿ ಬಾಯಿ ಬಡ್ಕೊಳ್ಳೋದು. ಖಾಲಿ ಚೀಲ ಹಿಡ್ಕೊಂಡು ಬಂದೋರು ಸುಮ್ನಿರ್ತಾರಾ?" ಲಾರಿಯ ಮೇಲೆ ಹೋದ ಗಂಡ ವಾರಕ್ಕೊಮ್ಮೆ ಬರುವವನು; ಅವನಿಗೆ ಹೇಳಿಬಿಡಲೇ ಎಂದು ನಾಲ್ಕು ವಾರ ಯೋಚಿಸಿದಳು. ಮಲಗಿ ಗೊರಕೆ ಹೊಡೆಯುವವನ ಪಕ್ಕ ಕೂತು, ಎರಡು ಲಕ್ಷ ಮರಿ ಕೊಂದೆ, ಸುಮ್ಮನೆ ನೋಡಬೇಕು ಅನ್ನಿಸಿತ್ತು ಎಂದು ಹೇಳುವುದಾದರೂ ಹೇಗೆ? ಆಸೆಗೆ, ಸಿಟ್ಟಿಗೆ ತಪ್ಪು ಮಾಡಿದವರನ್ನು ಜನ ಅರ್ಥ ಮಾಡಿಕೊಂಡಾರು. ನೋಡುವುದಕ್ಕೆ ಮಾಡಿದೆ ಅಂದರೆ ತಲೆ ಕೆಟ್ಟಿದೆ ಅಂತಾರೆ.

ಹನ್ನೊಂದು ಗಂಟೆಗೆ ಮತ್ತೆ ಲೋಟ ತುಂಬಿ ನೋಡಿದಳು. ಹತ್ತರಲ್ಲಿ ಆರು ಅಡ್ಡ ಈಜುತ್ತಿದ್ದವು. ಬಾಗಿಲಿನಿಂದ ಮ್ಯಾನೇಜರ ದನಿ ಬಂತು, "ಹನ್ನೊಂದಾಯ್ತು." "ಗಡಿಯಾರ ನೋಡಿ ಹೊಟ್ಟೆ ಹಸಿಯೋದು ನಮಗೆ ಸಾರ್," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಅವರು ಚಪ್ಪಲಿ ಪಟಪಟಿಸುತ್ತ ಹೊರಟುಹೋದರು. ಮೊಟ್ಟೆ ಬೇಯಲಿಡೋಣವೆಂದು ಹಿಂದಿನ ಚಿಕ್ಕ ಕೋಣೆಗೆ ಹೋದಳು. ಉಳಿದ ತೊಟ್ಟಿಗಳಿಗೂ ಸೇರಿಸಿ ಇಟ್ಟ ಎಂಟು ಮೊಟ್ಟೆ ನೀರಿನಲ್ಲಿ ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತಿದ್ದವು. ಹೆಚ್ಚು ಬೆಂದರೆ ಹಳದಿಯ ಸುತ್ತ ಹಸಿರು ಬಳೆ ಕೂರುತ್ತದೆ, ಕಡಿಮೆ ಬೆಂದರೆ ಬಟ್ಟೆಗೆ ಅಂಟುತ್ತದೆ. ಬೆಂದವನ್ನು ತಣ್ಣೀರಿಗೆ ಹಾಕಿ, ಸುಲಿದು, ಎರಡು ಹೋಳು ಮಾಡಿ ಹೆಬ್ಬೆರಳಿನಿಂದ ಒತ್ತಿದರೆ ಹಳದಿ ಪುಟ್ಟ ಚೆಂಡಿನ ಹಾಗೆ ಕಳಚಿ ಅಂಗೈಗೆ ಬೀಳುತ್ತದೆ. ಒಂದು ಚೆಂಡನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತಳು. ಒಂದು ಇಡೀ ಕೋಳಿಮರಿಯಾಗಲು ಬೇಕಾದ ಎಣ್ಣೆ, ಕಣ್ಣು, ಪುಕ್ಕ, ರಕ್ತ ಎಲ್ಲದರ ಸಾಮಾನು ಇದರಲ್ಲಿದೆ. ಕೊಕ್ಕಿನ ಸಾಮಾನೂ ಇದೆ. ಮೀನು ಇದನ್ನು ತಿಂದು ಕೊಕ್ಕನ್ನೇಕೆ ಬೆಳೆಸುವುದಿಲ್ಲ? ರೆಕ್ಕೆಯ ಸಾಮಾನು ಮೀನಿನೊಳಗೆ ಹೋಗಿ ಈಜುರೆಕ್ಕೆಯಾಗುತ್ತದೆ, ನನ್ನೊಳಗೆ ಬಂದರೆ ಏನಾದೀತು ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹಿಟ್ಟು ಹಿಟ್ಟಾಗಿ ಅಂಗುಳಕ್ಕೆ ಅಂಟಿಕೊಂಡಿತು.

"ಏನು ಹಳದಿಯಮ್ಮ, ಮರಿ ಊಟಕ್ಕೇ ಕೈ ಹಾಕ್ಬಿಟ್ಯಾ?" ಗಾಳಿಯಣ್ಣ ಬಾಗಿಲಲ್ಲಿ ನಿಂತಿದ್ದ, ತನ್ನ ಪಾಲಿನ ಬಿಳಿಗೆಂದು ತಟ್ಟೆ ಹಿಡಿದು. ಬಲೆಯ ಎಳೆಗಳು ಅಂಗಿಗೆ ಅಂಟಿಕೊಂಡಿದ್ದವು. ಅವಳಿಗೆ ಬಾಯಲ್ಲಿದ್ದುದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬಿಳಿಯ ಹೋಳುಗಳನ್ನು ತಟ್ಟೆಗೆ ಹಾಕಿ ಮೇಲೆ ಉಪ್ಪು ಉದುರಿಸಿದಳು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ತಿನ್ನತೊಡಗಿದ, ಅವಸರವಿಲ್ಲದೆ. ಇವತ್ತು ಸಂಜೆಯ ಕಾಗದದ ವಿಷಯ ಇವನಿಗೆ ಗೊತ್ತಿದೆಯೇ? ಗೊತ್ತಿದ್ದೂ ಹೀಗೆ ಅಗಿಯುತ್ತಿದ್ದಾನೆಯೇ? ತಡೆಯಲಾಗಲಿಲ್ಲ.

"ಅಣ್ಣಾ, ಹೋದ ಸಲ ನಾನು ಎರಡನೇ ದಿನಾನೇ ಕೊಟ್ಟಿದ್ದೆ."

"ಗೊತ್ತು ತಂಗಿ."

ಅವಳ ಕೈಯಲ್ಲಿದ್ದ ಹಳದಿ ಪುಡಿಯಾಯಿತು. "ಗೊತ್ತಿತ್ತಾ? ಯಾವಾಗಿಂದ?"

"ಅವತ್ತೇ. ಗಾಳಿ ಪೈಪು ನೋಡೋಕೆ ಬಂದಿದ್ದೆ, ನೀನು ಇರ್ಲಿಲ್ಲ. ಕಿಟಕಿ ಮೇಲೆ ಲೋಟ ಇತ್ತು." ಅವನು ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಬರೀ ಗುಳ್ಳೆ. ಮರಿ ಹೊಟ್ಟೆ ಒಳಗೆ ಏನಿರತ್ತೆ ಅಂತ ಒಂದಿನಾನೂ ನೋಡಿರ್ಲಿಲ್ಲ. ಏನ್ ಚೆನ್ನಾಗಿತ್ತು ತಂಗಿ ಅದು! ಹಳದಿ ದಾರ ಪೋಣಿಸಿದ ಹಾಗೆ. ತೊಟ್ಟಿಗೂ ಹಾಕಿದೀಯ ಅಂತ ನೀರು ನೋಡಿದ್ ಕೂಡ್ಲೇ ಗೊತ್ತಾಯ್ತು. ವಾಲ್ವು ಎರಡು ಸುತ್ತು ತಿರುಗಿಸಿ ಹೊಸ ನೀರು ಬಿಟ್ಟಿದ್ರೆ ತಳದ ಹೊಲಸೆಲ್ಲ ಹೋಗ್ತಿತ್ತು. ಕೈ ವಾಲ್ವಿನ ಮೇಲೇ ಇತ್ತು."

"ಮತ್ತೆ?"

"ತೊಟ್ಟಿ ಅಂಚಲ್ಲೂ ಅಂಥದ್ದೊಂದು ಇತ್ತು, ನೀರು ಬಿಟ್ರೆ ಎಲ್ಲಾ ಕಲಕಿ ಹೋಗತ್ತಲ್ಲ. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ, ಆ ದಾರ ಬಾಲದ ತನಕ ಹೋಗತ್ತಾ ಅಂತ ನಿಂತೆ. ಹೋಯ್ತು ಬಾಲದ ತನಕ. ಆಮೇಲೆ ಅದನ್ನೇ ಯೋಚನೆ ಮಾಡ್ಕೊಂಡು ಟೀ ಕುಡಿಯೋಕೆ ಹೋದೆ." ಅವನು ಬಿಳಿಯ ಹೋಳೊಂದನ್ನು ಎತ್ತಿ ಮತ್ತೆ ತಟ್ಟೆಗೇ ಇಟ್ಟ. "ಮರ್ತುಬಿಟ್ಟೆ."

ಎಲಾ ಇವನಾ! ಮೊದಲು ಬಂದದ್ದು ಸಿಟ್ಟು. ಒಂದು ತಿಂಗಳಿಡೀ ಅವಳು ಈ ಮನುಷ್ಯನ ಮೌನಕ್ಕೆ ಹೆದರಿ, ಅದನ್ನು ದೊಡ್ಡತನವೆಂದು ತಿಳಿದು, ಅವನು ಹಿತ್ತಲಲ್ಲಿ ಕೂತಿರುವ ಕಡೆ ಕಣ್ಣೆತ್ತಿ ನೋಡಲಾಗದೆ ಸುತ್ತು ಬಳಸಿ ಓಡಾಡಿದ್ದಳು. ರಾತ್ರಿ ಅನ್ನ ಸೇರಿರಲಿಲ್ಲ. ನೋಡಿದರೆ ಇವನೂ ತನ್ನಂತೆಯೇ ಬಾಯಿ ಬಿಟ್ಟುಕೊಂಡು ನಿಂತವನು! ಸಿಟ್ಟಿನ ಹಿಂದೆಯೇ ಒಂದು ಹಗುರ ಬಂತು, ಹಾಗಾದರೆ ಅರ್ಧ ತಪ್ಪು ಇವನದು, ಕಾಗದ ಕೊಟ್ಟರೂ ಪೂರ್ತಿ ಅನ್ಯಾಯವಲ್ಲ. ಎಷ್ಟು ಬೇಗ ಲೆಕ್ಕ ಹಾಕಿತು ಈ ಮನಸ್ಸು! "ಈಗ ಯಾಕೆ ಹೇಳಿದ್ರಿ?" ಎಂದು ಕೇಳಿದಳು. ಅವನು ಎದ್ದು ತಟ್ಟೆ ತೊಳೆಯುತ್ತ ಹೇಳಿದ, "ಕಾಗದ ಬರತ್ತೆ ಅಂತ ಗೊತ್ತು. ಹೋಗ್ತೀನಿ. ನನ್ನದೇನು, ಇನ್ನೆರಡು ವರ್ಷ ಅಷ್ಟೇ. ನಿನಗೆ ಮಗಳ ಓದಿದೆ, ನೀನೇನೂ ಬಾಯಿ ಬಿಡ್ಬೇಡ. ಆದ್ರೆ ನಾನು ಹೋದ್ಮೇಲೆ ನೀನು ನನ್ನನ್ನ ದೇವರಂಥ ಮನುಷ್ಯ ಅಂತ ನೆನೆಸ್ಕೊಂಡು ಅಳ್ತಾ ಕೂರ್ಬಾರ್ದು ನೋಡು. ಅದಕ್ಕೇ ಹೇಳ್ದೆ." ತಟ್ಟೆಯ ನೀರು ಝಾಡಿಸಿ, ಬಾಗಿಲ ಬಳಿ ನಿಂತು, "ಹತ್ತರಲ್ಲಿ ಎಷ್ಟು ತಿಂದಿದ್ವು?" ಎಂದ. "ಒಂದು," ಎಂದಳು. "ಅಷ್ಟೇನಾ," ಎಂದು ತಲೆ ಅಲ್ಲಾಡಿಸುತ್ತ ಹೋದ. ಇದೊಂದನ್ನು ಕೇಳಲು ಅವನು ತಿಂಗಳಿಂದ ಕಾದಿದ್ದಿರಬೇಕು ಎಂದು ಅವಳಿಗೆ ಆಮೇಲೆ ಹೊಳೆಯಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ತೊಟ್ಟಿಯ ನೀರಿನ ಮೇಲೆ ಬಂದು ಕೂತಿತು. ಒಂದು ಗಂಟೆಗೆ ಹತ್ತರಲ್ಲಿ ಏಳು. ಎರಡು ಗಂಟೆಗೂ ಏಳು. ಈ ನಡುವೆ ಅವಳ ತಲೆಯಲ್ಲಿ ಎರಡು ದಾರಿ ಕಂಡವು, ಎರಡೂ ಒಂದಕ್ಕಿಂತ ಒಂದು ಚೆಂದ. ಈಗಲೇ ಹಿಂಡಿಬಿಟ್ಟರೆ, ಒಂದು ಮುಷ್ಟಿ ಹೆಚ್ಚೇ ಹಿಂಡಿದರೆ, ನಾಳೆ ಈ ತೊಟ್ಟಿಯೂ ಬೆಳ್ಳಗಾಗುತ್ತದೆ. ಹೊಸ ಮೋಟಾರಿದ್ದೂ ಮರಿ ಸತ್ತವಲ್ಲ, ಹಾಗಾದರೆ ಗಾಳಿಯ ತಪ್ಪಲ್ಲ ಎಂದು ತಾನಾಗಿ ರುಜುವಾತಾಗುತ್ತದೆ, ಯಾರೂ ಬಾಯಿ ಬಿಡಬೇಕಿಲ್ಲ. ಅಥವಾ ಸುಮ್ಮನೆ ನಾಳೆಯ ತನಕ ಕಾಯಿಸಿದರಾಯಿತು. ಹಸಿವು ಕೆಲಸ ಮುಗಿಸುತ್ತದೆ. ಗಾಳಿಯಣ್ಣನನ್ನು ಉಳಿಸಲು ಎರಡು ಲಕ್ಷ ಮರಿ, ತಾನು ಬಾಯಿ ಬಿಡದೆ ಉಳಿಯಲು ಎರಡು ಲಕ್ಷ ಮರಿ. ಇಂಥ ಯೋಚನೆ ಬರುತ್ತದಲ್ಲ ಎಂದು ಹೆದರಿಕೆಯಾಯಿತು, ಬಂದ ಯೋಚನೆ ಹೇಗಿದೆಯೆಂದು ತಿರುಗಿಸಿ ನೋಡುವ ಚಪಲವೂ ಬಿಡಲಿಲ್ಲ. ನೀರಿಗೆ ಬಗ್ಗಿದಳು. ಅವು ಈಗ ಕೆಳಗೆ ಬೀಳುತ್ತಿರಲಿಲ್ಲ. ಗುಂಪು ಗುಂಪಾಗಿ ಬಿಸಿಲಿನ ತುಂಡಿಗೆ ಬಂದು, ಒಂದೇ ಕಡೆ ಮುಖ ಮಾಡಿ ನಿಂತು, ಏನೂ ಇಲ್ಲದ ನೀರಿಗೆ ಬಾಯಿ ಹಾಕುತ್ತಿದ್ದವು. ಒಂದು ಬಾಯಿ ಹಾಕಿ, ಏನೂ ಸಿಗದೆ, ಮತ್ತೆ ಹಾಕಿತು. ಹೊಟ್ಟೆಯ ಚೀಲ ಇದ್ದ ಕಡೆ ಈಗ ಬರೀ ಒಂದು ಮಾಸಲು ಗೆರೆ. ಮೂರು ಗಂಟೆಗೆ ಹತ್ತರಲ್ಲಿ ಒಂಬತ್ತು ಅಡ್ಡ ಈಜಿದವು. ಅವಳು ಬಟ್ಟೆ ನೆನೆಸಿ ಹಳದಿ ಕಟ್ಟಿದಳು. ಲಕ್ಷಕ್ಕೆ ಒಂದರಂತೆ ಎರಡೇ ಎರಡು.

ಮ್ಯಾನೇಜರು ಬರುವ ಹೊತ್ತಿಗೆ ಹಿಂಡಿ ಹತ್ತು ನಿಮಿಷವಾಗಿತ್ತು. "ಹಿಡಿದ್ವಾ?" ಎಂದು ದೂರದಿಂದಲೇ ಕೇಳಿದರು. "ಬಂದು ನೋಡಿ ಸಾರ್," ಎಂದಳು. ಯಾಕೆ ಹಾಗಂದಳೋ, ಅವರನ್ನು ಅವಳು ಯಾವತ್ತೂ ಕರೆದಿರಲಿಲ್ಲ. ಅವರು ಪೆನ್ನನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಗ್ಗಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ ಅವರಿಗೆ. ಎಲ್ಲಿ, ಎಲ್ಲಿ ಎನ್ನುತ್ತಿದ್ದವರು ತಟಕ್ಕನೆ ಸುಮ್ಮನಾದರು. "ಅಯ್ಯೋ! ತಿಂತಾ ಇದೆ ರೀ! ಒಳಗೆ ಹೋಗೋದು ಕಾಣತ್ತೆ!" ಎಂದರು, ಚಿಕ್ಕ ಹುಡುಗನ ದನಿಯಲ್ಲಿ. ತೊಟ್ಟಿಯ ತುಂಬ, ಒಂದೊಂದರ ಮೈಯೊಳಗೂ, ಹಳದಿ ಗೆರೆಗಳು ಇಳಿಯುತ್ತಿದ್ದವು. ಅವತ್ತು ಅವಳು ನೋಡಬೇಕೆಂದು ಹಂಬಲಿಸಿದ್ದು ಇದೇ. ಒಂದು ದಿನ ಕಾದಿದ್ದರೆ ತಾನಾಗಿ ಸಿಗುತ್ತಿತ್ತು.

"ಹೋದ ಸಲ ನಾನು ಎರಡನೇ ದಿನಾನೇ ಹಾಕ್ಬಿಟ್ಟೆ ಸಾರ್. ಮೂರು ಹಳದಿ. ತಿಂತಾವಾ ನೋಡೋಣ ಅಂತ. ಮರಿ ಸತ್ತಿದ್ದು ಅದರಿಂದ, ಗಾಳಿಯಿಂದ ಅಲ್ಲ," ಎಂದಳು. ಅವರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ನೀರನ್ನು ನೋಡುತ್ತಲೇ ಕೇಳಿದರು, "ನೋಡೋಣ ಅಂತನಾ?" "ಹೂಂ ಸಾರ್." "ಎರಡು ಲಕ್ಷ ಮರಿ. ನೋಡೋಣ ಅಂತ." ಈಗ ನೆಟ್ಟಗೆ ನಿಂತರು. ಬೈಯುತ್ತಾರೆಂದು ಅವಳು ಕಾದಳು, ಅವರಿಗೆ ಬೈಗುಳ ಸಿಗುತ್ತಿರಲಿಲ್ಲ. "ಇದು ಬೇರೆ ಯಾರಿಗಾದ್ರೂ ಗೊತ್ತಿತ್ತಾ?" ಎಂದರು.

ಬಾಗಿಲಲ್ಲಿ ಗಾಳಿಯಣ್ಣ ನಿಂತಿದ್ದ. ಕಾಗದಕ್ಕೆಂದು ಅವರೇ ಕರೆಸಿದ್ದಿರಬೇಕು; ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದಿದ್ದ. ಕೇಳಿಸಿಕೊಂಡಿದ್ದನೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಇಲ್ಲ ಸಾರ್, ನನಗೊಬ್ಬಳಿಗೇ," ಎಂದಳು. ಹೇಳಿದ ಮೇಲೆ ಅವಳಿಗೆ ದೊಡ್ಡ ತ್ಯಾಗ ಮಾಡಿದ ಹಾಗೇನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ಅವನ ಮುಖದ ಮೇಲೆ ಏನು ಮಾಡುತ್ತದೆಂದು ನೋಡಬೇಕಾಗಿತ್ತು. ಅವನು ಬಾಯಿ ತೆರೆದ. ಮುಚ್ಚಿದ.

"ನಾಳೆಯಿಂದ ನೀವು ಹೊರಗಿನ ಕೊಳಕ್ಕೆ," ಎಂದರು ಮ್ಯಾನೇಜರು. ಕೆಲಸ ಹೋಗಲಿಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನವಾಗಿ, ಮರುಗಳಿಗೆಯೇ ಅವಳಿಗೆ ಹೊರಗಿನ ಕೊಳ ಕಣ್ಣಮುಂದೆ ಬಂತು. ಪಾಚಿಗಟ್ಟಿದ ಹಸಿರು ನೀರು. ಅಲ್ಲಿ ಬುಟ್ಟಿಯಲ್ಲಿ ಮೇವು ಎಸೆಯುವುದು, ನೀರು ಕುದಿದಂತೆ ಆಡುವುದು, ಅಷ್ಟೇ. ಕೈ ಮುಳುಗಿಸಿದರೆ ಬೆರಳೇ ಕಾಣದು. ಯಾರು ತಿಂದರು, ಎಷ್ಟು ತಿಂದರು, ಒಳಗೆ ಏನಾಯಿತು, ಒಂದೂ ತಿಳಿಯುವುದಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಮರಿಗಳು ಸತ್ತ ದಿನ ಬಾರದಿದ್ದ ನೀರು. ಮ್ಯಾನೇಜರು ಗಾಳಿಯಣ್ಣನ ಕಡೆ ತಿರುಗಿ, "ನಿಮ್ಮ ಕಾಗದ ಹರಿದು ಹಾಕ್ತೀನಿ. ಮೋಟಾರಿಗೆ ಈಗ ಆಳು ಬೇಡ. ಈ ಹಳದಿ ಕೆಲಸ ನೀವು ನೋಡ್ಕೊಳ್ಳಿ," ಎಂದು, ಮತ್ತೊಮ್ಮೆ ತೊಟ್ಟಿಗೆ ಬಗ್ಗಿ ನೋಡಿ ಹೊರಟುಹೋದರು.

ಅವರ ಚಪ್ಪಲಿಯ ಸದ್ದು ನಿಂತ ಮೇಲೂ ಗಾಳಿಯಣ್ಣ ಬಾಗಿಲಲ್ಲೇ ಇದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಬನ್ನಿ ಅಣ್ಣ, ಹೊತ್ತಿಲ್ಲ. ಎರಡು ಗಂಟೆಗೊಂದ್ಸಲ ಕೊಡ್ಬೇಕು. ಕೊಡೋ ಮುಂಚೆ ಕರುಳು ಖಾಲಿಯಾಗಿದೆಯಾ ನೋಡ್ಬೇಕು. ಖಾಲಿ ಆಗದೆ ಮುಟ್ಟಲೇಬಾರ್ದು," ಎಂದಳು. ಅವನು ಬಂದು ಅವಳ ಪಕ್ಕ ಮೊಣಕಾಲೂರಿ, ತೊಟ್ಟಿಯ ಅಂಚಿಗೆ ಎರಡೂ ಕೈ ಹಿಡಿದು ಬಗ್ಗಿದ. ಅವಳು ಬೆರಳು ತೋರಿಸಿದಳು, "ಅಗೋ, ಅಲ್ಲಿ ಅಂಚಿಗೆ ಒಂದಿದೆ ನೋಡಿ, ಒಂದೇ ಕಡೆ ನಿಂತಿದೆಯಲ್ಲ. ಅದರ ಕತ್ತಿಂದ ಕೆಳಗೆ ನೋಡ್ತಾ ಹೋಗಿ. ಗೆರೆ ಎಲ್ಲಿ ತನಕ ಇದೆ?" ಅವನು ಇನ್ನಷ್ಟು ಬಗ್ಗಿದ. "ಕಾಣ್ತಾ?" ಎಂದಳು. "ಕಾಣ್ತಿಲ್ಲ ತಂಗಿ," ಎಂದ, ದನಿ ಒಡೆದಿತ್ತು. "ಏನೂ ಕಾಣ್ತಿಲ್ಲ." ಅವನು ತೋಳಿನಿಂದ ಒಮ್ಮೆ ಕಣ್ಣೊರೆಸಿಕೊಂಡ, ಮತ್ತೆ ತುಂಬಿ ಬಂದವು. ಅವಳು ಚಾಚಿದ ಬೆರಳನ್ನು ಹಾಗೇ ಹಿಡಿದು, ಅವನಿಗೆ ಕಾಣುವ ತನಕ ಕಾದಳು.